ಪುನರಾರಂಭ ಅಂದರೆ ಎಲ್ಲಿಂದ?

ಹುಬ್ಬಳ್ಳಿ-ಧಾರವಾಡದ ಪತ್ರಿಕೆಗಳನ್ನು ಒಂದು ತಿಂಗಳು ಬಿಡದೆ ಓದಿದರೆ ಒಂದು ಪದ ಮೇಲಿಂದ ಮೇಲೆ ಎದುರಾಗುತ್ತದೆ. ಹಳಿ ದುರಸ್ತಿಗೆ ನಿಂತಿದ್ದ ರೈಲು ಸಂಚಾರ ಪುನರಾರಂಭ. ಮಾರುಕಟ್ಟೆಯಲ್ಲಿ ವಹಿವಾಟು ಪುನರಾರಂಭ. ರಜೆ ಮುಗಿದು ಶಾಲೆ ಪುನರಾರಂಭ. ಕಳಸಾ-ಬಂಡೂರಿ ಕುಡಿಯುವ ನೀರಿನ ಯೋಜನೆಯ ಸುದ್ದಿ ಬಂತೆಂದರೆ 'ಕಾಮಗಾರಿ ಪುನರಾರಂಭ ಯಾವಾಗ?' ಎಂಬ ಪ್ರಶ್ನೆಯೂ ಬೆನ್ನಿಗೇ ಬರುತ್ತದೆ.

ಪದ ಯಾರಿಗೂ ಹೊಸದಲ್ಲ. ನಿಂತಿದ್ದು ಮತ್ತೆ ಶುರುವಾಯಿತು, ಅಷ್ಟೇ ಅಲ್ವಾ? ಆದರೆ ತಲೆಬರಹ ದಾಟಿ ಸುದ್ದಿಯ ಒಳಗೆ ಹೋದರೆ ಗೊಂದಲ ಶುರುವಾಗುತ್ತದೆ. ನಿಂತ ಜಾಗದಿಂದ ಮುಂದಕ್ಕೆ ಹೋಗುತ್ತದೋ, ಮೊದಲಿನಿಂದ ಶುರುವೋ? ಹಳೆಯ ಅನುಮತಿ, ಹಳೆಯ ದರ, ಹಳೆಯ ಬಾಕಿ ಉಳಿಯುತ್ತದೋ, ಅಳಿಸಿಹೋಗುತ್ತದೋ? ಪುನರಾರಂಭ ಎಂಬ ಪದ ಇದರ ಬಗ್ಗೆ ತುಟಿ ಪಿಟಕ್ಕೆನ್ನುವುದಿಲ್ಲ. ಜನರ ದುಡ್ಡು, ಹಕ್ಕು, ನೀರು ಎಲ್ಲ ನಿಂತಿರುವುದು ಮಾತ್ರ ಈ ಪ್ರಶ್ನೆಯ ಮೇಲೆಯೇ.

ಒಂದು ಪದ, ಎರಡು ಅರ್ಥ

'ಪುನಃ' ಅಂದರೆ ಮತ್ತೆ. 'ಆರಂಭ' ಅಂದರೆ ಶುರು. ಎರಡೂ ಸೇರಿದರೆ ಮತ್ತೆ ಶುರು. ಮೊದಲ ಸಲ ಆಗಿದ್ದು ಏನಾಯಿತು ಎನ್ನುವ ಮಾಹಿತಿ ಎರಡರಲ್ಲೂ ಇಲ್ಲ.

ಮಳೆಗೆ ನಿಂತ ಕ್ರಿಕೆಟ್ ಪಂದ್ಯ ಪುನರಾರಂಭವಾದರೆ ಸ್ಕೋರ್ ಹಾಗೇ ಇರುತ್ತದೆ. ಔಟಾದವನು ಔಟೇ. ದಸರಾ ರಜೆಯ ನಂತರ ಶಾಲೆ ಪುನರಾರಂಭವಾದರೆ ಮಗು ಅದೇ ತರಗತಿ, ಅದೇ ಪುಸ್ತಕದ ಮುಂದಿನ ಪಾಠಕ್ಕೆ ಹೋಗುತ್ತದೆ. ಬೇಸಿಗೆ ರಜೆ ಮುಗಿದ ಮೇಲೂ ಪತ್ರಿಕೆಗಳು ಅದೇ ಪದ ಬಳಸುತ್ತವೆ. ಆದರೆ ಆಗ ತರಗತಿ ಬೇರೆ, ಪುಸ್ತಕ ಬೇರೆ, ಹಾಜರಿ ಪುಸ್ತಕವೂ ಬೇರೆ. ಶಾಲೆಯವರು ಈ ಎರಡನೆಯದಕ್ಕೆ 'ಪ್ರಾರಂಭೋತ್ಸವ' ಎಂದು ಬೇರೆ ಹೆಸರಿಟ್ಟಿದ್ದು ಸರಿಯಾಗಿಯೇ ಇದೆ.

ಮಕ್ಕಳ ವಿಷಯದಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಯಾಕೆಂದರೆ ಎಲ್ಲರಿಗೂ ಸಂದರ್ಭ ಗೊತ್ತು. ಸಂದರ್ಭ ಗೊತ್ತಿಲ್ಲದ ಕಡೆ ತೊಡಕು. ಗೃಹಲಕ್ಷ್ಮಿ ಯೋಜನೆಯನ್ನೇ ನೋಡಿ. 2023ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಕಂತು ತಡವಾಗಿ, ಆಮೇಲೆ 'ಹಣ ಜಮೆ ಪುನರಾರಂಭ' ಎಂದು ಯಾರಾದರೂ ಬರೆದರೆ ಕುಂದಗೋಳದ ಹೆಣ್ಣುಮಗಳು ಕೇಳುವ ಮೊದಲ ಪ್ರಶ್ನೆ ಯಾವುದು? ತಪ್ಪಿದ ಕಂತುಗಳೂ ಬರುತ್ತವೋ, ಇನ್ನು ಮುಂದಿನದ್ದು ಮಾತ್ರವೋ? ಮೂರು ಕಂತು ತಪ್ಪಿದ್ದರೆ ಉತ್ತರದಲ್ಲಿ 6,000 ರೂಪಾಯಿ ವ್ಯತ್ಯಾಸ. ತಲೆಬರಹದಲ್ಲಿ ಮಾತ್ರ ಒಂದಕ್ಷರವೂ ವ್ಯತ್ಯಾಸ ಇಲ್ಲ.

ಪುನಾರಂಭ ಎಂಬ ತಪ್ಪು ಎಲ್ಲಿಂದ ಬಂತು

ಅರ್ಥದ ಜಗಳಕ್ಕೆ ಹೋಗುವ ಮೊದಲು ಕಾಗುಣಿತದ ಜಗಳ ಮುಗಿಸೋಣ. ಅಂಗಡಿ ಬೋರ್ಡ್, ವಾಟ್ಸಾಪ್ ಸಂದೇಶ, ಒಮ್ಮೊಮ್ಮೆ ಸರಕಾರಿ ಸುತ್ತೋಲೆಯಲ್ಲೂ 'ಪುನಾರಂಭ' ಎಂದು ಕಾಣುತ್ತದೆ. ವ್ಯಾಕರಣದ ಪ್ರಕಾರ ಸರಿಯಾದದ್ದು ಪುನರಾರಂಭ. ಪುನಃ ಎಂಬುದರ ವಿಸರ್ಗದ ಮುಂದೆ ಸ್ವರ ಬಂದರೆ ವಿಸರ್ಗ ರಕಾರವಾಗುತ್ತದೆ. ಪುನರುತ್ಥಾನ, ಪುನರಾವರ್ತನೆ ಆದದ್ದೂ ಹೀಗೇ. ಮುಂದೆ ಜ, ವ, ಭ ತರದ ಅಕ್ಷರ ಬಂದರೆ ಪುನರ್ಜನ್ಮ, ಪುನರ್ವಸತಿ. ಚಕಾರ ಬಂದರೆ ಪುನಶ್ಚೇತನ.

ಹಾಗಾದರೆ 'ಪುನಾ' ಎಲ್ಲಿಂದ ಬಂತು? ಎರಡು ಕಾರಣ ಕಾಣುತ್ತವೆ. ಒಂದು, ಸಂಪುಟ ಪುನಾರಚನೆ. ವಿಸರ್ಗದ ಮುಂದೆ ರಕಾರವೇ ಬಂದರೆ ವಿಸರ್ಗ ಬಿದ್ದುಹೋಗಿ ಹಿಂದಿನ ಸ್ವರ ಉದ್ದವಾಗುತ್ತದೆ. ಅಲ್ಲಿ 'ಪುನಾ' ಸರಿ. ರಾಜಕೀಯ ಸುದ್ದಿಯಲ್ಲಿ ಅದನ್ನು ಓದಿ ಓದಿ ಕಣ್ಣಿಗೆ ರೂಢಿಯಾಗಿದೆ. ಎರಡನೆಯದು, ಮಾತಿನಲ್ಲಿ ನಾವು ಪುನಃ ಎನ್ನುವುದನ್ನು 'ಪುನಾ' ಎಂದೇ ಅನ್ನುತ್ತೇವೆ. ಪುನಾ, ಅದರ ಮುಂದೆ ಆರಂಭ. ಕಿವಿಗೆ ಪುನಾರಂಭ ಸಹಜ. ತಪ್ಪು ಹೌದು, ಆದರೆ ದಡ್ಡತನದ ತಪ್ಪಲ್ಲ.

ಈ ತಪ್ಪನ್ನು ತಿದ್ದಲು ಖರ್ಚಾಗುವ ಉತ್ಸಾಹದ ಅರ್ಧವಾದರೂ 'ಎಲ್ಲಿಂದ ಆರಂಭ' ಎಂದು ಕೇಳಲು ಖರ್ಚಾಗಿದ್ದರೆ ಚೆನ್ನಾಗಿತ್ತು. ಪುನಾರಂಭ ಎಂದು ಬರೆದರೆ ಯಾರ ದುಡ್ಡೂ ಹೋಗುವುದಿಲ್ಲ.

ಹೊಳ್ಳಿ, ಮತ್ತ, ಮದಲಿಂದ

ಈ ಭಾಗದ ಆಡುಮಾತಿನಲ್ಲಿ ಪುನರಾರಂಭ ಎಂದು ಯಾರೂ ಅನ್ನುವುದಿಲ್ಲ. ನಿಂತ ಗಿರಣಿ ನಡೆದರೆ 'ಬಂದ್ ಬಿದ್ದಿತ್ತು, ಈಗ ಚಾಲೂ ಆತು'. ಇದರಲ್ಲಿ ಗಿರಣಿ ಅದೇ, ಕಲ್ಲೂ ಅದೇ. ಕೆಲಸ ಕೆಟ್ಟು ಮತ್ತೊಮ್ಮೆ ಮಾಡಬೇಕಾದರೆ 'ಹೊಳ್ಳಿ ಮಾಡಬೇಕು'. ಹೊಳ್ಳಿ ಎಂಬುದು ಹೊರಳಿ ಎಂಬುದರ ರೂಪ. ಹಿಂದಕ್ಕೆ ತಿರುಗುವ ಅರ್ಥ ಅದರ ಹೊಟ್ಟೆಯಲ್ಲೇ ಇದೆ. 'ಹೊಳ್ಳಿ ಬಂದ' ಅಂದರೆ ಹೋದವನು ವಾಪಸ್ ಬಂದ. 'ಹೊಳ್ಳಿ ಹೇಳು' ಅಂದರೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳು. ಏನೂ ಉಳಿದಿಲ್ಲ, ಎಲ್ಲ ಹೊಸದಾಗಿ ಆಗಬೇಕು ಅಂದರೆ 'ಮದಲಿಂದ'.

ಚಾಲೂ ಆತು, ಹೊಳ್ಳಿ ಮಾಡಬೇಕು, ಮದಲಿಂದ ಶುರು. ಮೂರು ಮಾತು, ಮೂರು ಸ್ಥಿತಿ. ಬರಹದ ಕನ್ನಡ ಇವಿಷ್ಟನ್ನೂ ಪುನರಾರಂಭ ಎಂಬ ಒಂದೇ ಚೀಲಕ್ಕೆ ತುಂಬಿದೆ.

ಹೊಲದ ಮಾತಿನಲ್ಲಿ ಇನ್ನೂ ಸ್ಪಷ್ಟತೆ ಇದೆ. ಗದಗ, ಹಾವೇರಿ ಕಡೆ ಜೂನ್‌ನಲ್ಲಿ ಹೆಸರು, ಗೋವಿನಜೋಳ ಬಿತ್ತಿ ಮಳೆ ಕೈಕೊಟ್ಟರೆ 'ಮರುಬಿತ್ತನೆ' ಮಾಡುತ್ತಾರೆ. ಆ ಪದ ಕೇಳಿದ ಯಾರಿಗೂ ಸಂಶಯ ಬರುವುದಿಲ್ಲ. ಮೊದಲ ಬೀಜ ಹೋಯಿತು, ಗೊಬ್ಬರ ಹೋಯಿತು, ಕೂಲಿ ಹೋಯಿತು, ಮತ್ತೊಮ್ಮೆ ಅಷ್ಟೇ ಖರ್ಚು. 'ಬಿತ್ತನೆ ಪುನರಾರಂಭ' ಅಂದರೆ ಅರ್ಥ ಬೇರೆ. ನಾಲ್ಕು ದಿನ ಜೋರು ಮಳೆ ಬಂದು ನಿಂತಿದ್ದ ಕೂರಿಗೆ ಉಳಿದ ಹೊಲಕ್ಕೆ ಇಳಿಯಿತು ಎಂದು. ಒಂದು ನಷ್ಟದ ಸುದ್ದಿ, ಇನ್ನೊಂದು ಖುಷಿಯ ಸುದ್ದಿ. ವರದಿ ಮಾಡುವವರು ಇವೆರಡನ್ನು ಅದಲು ಬದಲು ಮಾಡಿದರೆ ಪರಿಹಾರ ಕೇಳುವ ರೈತನ ಕೈಯಲ್ಲಿ ತಪ್ಪು ಕಾಗದ ಇಟ್ಟಂತೆ.

ಬೆಳೆ ವಿಮೆಯಲ್ಲೂ ಇದರದ್ದೇ ಲೆಕ್ಕ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಹವಾಮಾನದಿಂದಾಗಿ ಒಂದು ವಿಮಾ ಘಟಕದ (ಸಾಮಾನ್ಯವಾಗಿ ಒಂದು ಗ್ರಾಮ ಪಂಚಾಯಿತಿಯ) ಹೆಚ್ಚಿನ ಭಾಗದಲ್ಲಿ ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಶೇ. 25ರಷ್ಟು ಪರಿಹಾರ ಸಿಗುತ್ತದೆ. ಅಲ್ಲಿಗೆ ಆ ಹಂಗಾಮಿನ ಆ ಬೆಳೆಯ ವಿಮೆ ಮುಗಿಯಿತು. ಆಮೇಲೆ ಮಳೆ ಬಂದು ಬಿತ್ತನೆ ಶುರುವಾದರೂ ವಿಮೆ ಅದರ ಜೊತೆ ಮತ್ತೆ ಶುರುವಾಗುವುದಿಲ್ಲ.

ಬೆರಳಿನ ಶಾಯಿ ಹೇಳುವ ವ್ಯತ್ಯಾಸ

ಎರಡು ಅರ್ಥಗಳನ್ನು ಅತಿ ಜಾಗರೂಕತೆಯಿಂದ ಬೇರೆ ಮಾಡಿರುವುದು ಚುನಾವಣಾ ಕಾನೂನು. 1951ರ ಜನಪ್ರಾತಿನಿಧ್ಯ ಕಾಯ್ದೆಯ ಕಲಂ 57 ಮತ್ತು 58 ಪಕ್ಕಪಕ್ಕದಲ್ಲೇ ಇವೆ, ಆದರೆ ಕೆಲಸ ಬೇರೆ ಬೇರೆ.

ಗಲಾಟೆ, ನೆರೆ ತರದ ಕಾರಣಕ್ಕೆ ಮತಗಟ್ಟೆಯಲ್ಲಿ ಮತದಾನ ಅರ್ಧಕ್ಕೆ ನಿಂತರೆ ಕಲಂ 57ರ ಪ್ರಕಾರ ಅದನ್ನು ಮುಂದೂಡುತ್ತಾರೆ. ಬೇರೆ ದಿನ ಅದು ನಿಂತಲ್ಲಿಂದ ಶುರುವಾಗುತ್ತದೆ. ಮೊದಲ ದಿನ ಮತ ಹಾಕಿದವರು ಮತ್ತೆ ಹಾಕುವಂತಿಲ್ಲ, ಅವರ ಮತ ಹಾಗೇ ಇರುತ್ತದೆ. ಕಲಂ 58 ಹಾಗಲ್ಲ. ಮತಯಂತ್ರವನ್ನು ಯಾರೋ ಹೊತ್ತೊಯ್ದರು, ಕೆಡಿಸಿದರು, ಅಥವಾ ದೊಡ್ಡ ಲೋಪ ಆಯಿತು ಅಂತಿಟ್ಟುಕೊಳ್ಳಿ. ಆಯೋಗ ಆ ಮತಗಟ್ಟೆಯ ಮತದಾನವನ್ನೇ ರದ್ದು ಮಾಡಿ ಹೊಸದಾಗಿ ನಡೆಸಬಹುದು. ಅದು ಮರುಮತದಾನ. ಎಲ್ಲರೂ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಮೊದಲ ಮತಕ್ಕೆ ಬೆಲೆ ಇಲ್ಲ.

ಮೊದಲ ಸಲದ ಶಾಯಿ ಎಡಗೈ ತೋರುಬೆರಳಿನ ಮೇಲೆ ಇನ್ನೂ ಇರುತ್ತದಲ್ಲ, ಅದಕ್ಕೆ ಮರುಮತದಾನದಲ್ಲಿ ಎಡಗೈ ನಡುಬೆರಳಿಗೆ ಶಾಯಿ ಹಚ್ಚುತ್ತಾರೆ. ಇಷ್ಟು ಸಣ್ಣ ವಿಷಯಕ್ಕೂ ನಿಯಮ ಇದೆ. ಟಿವಿಯ ಕೆಳಗಿನ ಪಟ್ಟಿಯಲ್ಲಿ ಮಾತ್ರ ಎರಡೂ 'ಮತದಾನ ಪುನರಾರಂಭ'. ಇನ್ನೊಂದು ಮೂರನೆಯದ್ದೂ ಇದೆ: ಮತಯಂತ್ರ ಕೆಟ್ಟು ಅರ್ಧ ಗಂಟೆ ತಡವಾಗಿ, ಬೇರೆ ಯಂತ್ರ ಇಟ್ಟು ಮುಂದುವರಿಸುವುದು. ಅಲ್ಲಿ ಕೆಟ್ಟ ಯಂತ್ರದಲ್ಲಿರುವ ಮತಗಳನ್ನೂ ಎಣಿಸುತ್ತಾರೆ. ಅದೂ ಪುನರಾರಂಭವೇ.

ಕೋರ್ಟಿನಲ್ಲೂ ಹೀಗೇ. ಕ್ರಿಮಿನಲ್ ಕೇಸಿನ ನಡುವೆ ನ್ಯಾಯಾಧೀಶರಿಗೆ ವರ್ಗವಾದರೆ ಹೊಸಬರು ಹಳಬರು ದಾಖಲಿಸಿದ ಸಾಕ್ಷ್ಯದ ಮೇಲೆಯೇ ಮುಂದುವರಿಯಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 326 ಹೇಳುತ್ತಿದ್ದದ್ದು ಇದನ್ನೇ. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಆದರೆ ಸಂಕ್ಷಿಪ್ತ ವಿಚಾರಣೆಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಸಾಕ್ಷಿಗಳನ್ನು ಪೂರ್ತಿಯಾಗಿ ಬರೆದುಕೊಳ್ಳುವುದಿಲ್ಲ, ಸಾರಾಂಶ ಮಾತ್ರ ಬರೆಯುತ್ತಾರೆ. ಇನ್ನೊಬ್ಬರ ಸಾರಾಂಶ ನಂಬಿ ತೀರ್ಪು ಕೊಡುವುದು ಹೇಗೆ? ಹಾಗಾಗಿ ವಿಚಾರಣೆ ಮೊದಲಿನಿಂದ. ಚೆಕ್ ಬೌನ್ಸ್ ಕೇಸುಗಳಲ್ಲಿ ಈ ಪೆಟ್ಟು ಜಾಸ್ತಿ. ಸಾಲ ಕೊಟ್ಟವನು ಸಾಕ್ಷಿ ಹೇಳಿ ಮುಗಿಸಿ ವರ್ಷವಾಗಿರುತ್ತದೆ. 'ವಿಚಾರಣೆ ಮತ್ತೆ ಶುರು' ಅಂತ ಕೇಳಿ ಖುಷಿಪಡುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಕಟಕಟೆ ಹತ್ತಿ ಅದನ್ನೆಲ್ಲ ಹೊಳ್ಳಿ ಹೇಳಬೇಕು ಅಂತ.

ರೈಲು ಬಂತು, ದರ ಬೇರೆ

ಕಾನೂನಿನಲ್ಲಿ ವ್ಯತ್ಯಾಸ ಬರೆದಿಟ್ಟಿದ್ದಾರೆ. ಬರೆದಿಡದ ಕಡೆ ಏನಾಗುತ್ತದೆ ಎನ್ನುವುದಕ್ಕೆ ಪ್ಯಾಸೆಂಜರ್ ರೈಲಿನ ಕತೆ ಸಾಕು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿ ಈ ಕತೆ ಮರೆಯುವುದು ಕಷ್ಟ.

2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತವು. ಆಮೇಲೆ ಒಂದೊಂದಾಗಿ 'ಪುನರಾರಂಭ'ವಾದವು. ಆದರೆ ಬಂದದ್ದು ಹಳೆಯ ರೈಲಲ್ಲ, 'ವಿಶೇಷ' ರೈಲು. ನಂಬರಿನ ಮುಂದೆ ಸೊನ್ನೆ ಸೇರಿತು. ಪ್ಯಾಸೆಂಜರ್ ರೈಲುಗಳಿಗೆ ಎಕ್ಸ್‌ಪ್ರೆಸ್ ದರ ಬಂತು. ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30 ಆಯಿತು. ಅದೇ ಹಳಿ, ಅದೇ ಡಬ್ಬಿ, ಅದೇ ನಿಧಾನ. ದಿನಾ ಓಡಾಡುವ ಕೂಲಿಯವರಿಗೆ, ಕಾಯಿಪಲ್ಲೆ ತರುವವರಿಗೆ ಮೂರು ಪಟ್ಟು.

ರೈಲ್ವೆಯ ಕಡೆಯಿಂದ ನೋಡಿದರೆ ಅದರಲ್ಲೊಂದು ತರ್ಕ ಇತ್ತು. ಗಾಡಿ ವಿಶೇಷ ಎಂದಾದರೆ ಅದು ಹೊಸ ಸೇವೆ, ಹಳೆಯ ದರಕ್ಕೆ ಕಟ್ಟುಬೀಳಬೇಕಾಗಿಲ್ಲ. ಸುಮ್ಮನೆ ಓಡಾಡುವವರ ಗುಂಪು ಕಡಿಮೆಯಾಗಲಿ ಎಂಬ ಕಾರಣವನ್ನೂ ಕೊಟ್ಟರು. ಪ್ರಯಾಣಿಕರ ತರ್ಕ ಇನ್ನೂ ಸರಳ: ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಿದ್ದೀರಿ, ಹಾಗಾದರೆ ಹಳೆಯ ದರ ಕೊಡಿ. 2021ರ ನವೆಂಬರ್‌ನಲ್ಲಿ ಎಕ್ಸ್‌ಪ್ರೆಸ್ ರೈಲುಗಳ ಹಳೆಯ ನಂಬರ್ ವಾಪಸ್ ಬಂತು. ಪ್ಯಾಸೆಂಜರ್ ರೈಲಿನ ಹಳೆಯ ದರ ಬರಲು 2024ರ ಫೆಬ್ರವರಿ ಆಗಬೇಕಾಯಿತು. ರೈಲು ಒಂದು ದಿನ ಶುರುವಾಯಿತು, ಅದರ ದರ ವರ್ಷಗಳ ನಂತರ ಶುರುವಾಯಿತು ಅನ್ನಬೇಕು.

ಹಿರಿಯ ನಾಗರಿಕರ ರಿಯಾಯಿತಿಯಂತೂ ಶುರುವೇ ಆಗಲಿಲ್ಲ. ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50 ಇದ್ದದ್ದು 2020ರ ಮಾರ್ಚ್‌ನಲ್ಲಿ ನಿಂತಿತು. ಸೇವೆ ಪುನರಾರಂಭ ಎಂಬ ಎರಡು ಪದದ ಹಿಂದೆ ಇಷ್ಟೆಲ್ಲ ಅಡಗಿ ಕೂತಿತ್ತು.

ಯಾವ ಪದ ಬಳಸಬೇಕು? ಜಗಳ ಇನ್ನೂ ಇದೆ

ಒಂದು ಪಕ್ಷದವರ ವಾದ ಹೀಗೆ: ಪುನರಾರಂಭ ಎಲ್ಲರಿಗೂ ಗೊತ್ತಿರುವ ಪದ, ಕಚೇರಿ ಕಾಗದದಲ್ಲಿ ನೆಲೆಯಾಗಿದೆ, ಬೀದರ್‌ನಿಂದ ಚಾಮರಾಜನಗರದ ತನಕ ಒಂದೇ ಅರ್ಥ. ಊರೂರಿಗೆ ಬದಲಾಗುವ ಹೊಳ್ಳಿ, ತಿರುಗಿ, ವಾಪಸ್ಸುಗಳನ್ನು ಬರಹಕ್ಕೆ ತಂದರೆ ಗೊಂದಲ ಹೆಚ್ಚುತ್ತದೆ. ತಲೆಬರಹಕ್ಕೆ ಚಿಕ್ಕ ಪದ ಬೇಕು ಎಂಬ ವಾದವೂ ಇದೆ. ಅದು ಮಾತ್ರ ನಿಲ್ಲುವುದಿಲ್ಲ. ಪುನರಾರಂಭದಲ್ಲಿ ಐದಕ್ಷರ, 'ಮತ್ತೆ ಶುರು'ವಿನಲ್ಲಿ ನಾಲ್ಕು.

ಇನ್ನೊಂದು ಪಕ್ಷ ಸಂಸ್ಕೃತದ 'ಪುನರ್' ಬಿಟ್ಟು ಕನ್ನಡದ 'ಮರು' ಹಿಡಿಯಿರಿ ಅನ್ನುತ್ತದೆ. ಮರುಬಳಕೆ, ಮರುಹುಟ್ಟು ಇಲ್ಲವೇ? ಹಾಗೇ ಮರುಆರಂಭ. ಇದಕ್ಕೆ ವ್ಯಾಕರಣದವರು ಹುಬ್ಬೇರಿಸುತ್ತಾರೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದರೆ ಅರಿಸಮಾಸ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನೇ ಅದನ್ನು ಸಾಮಾನ್ಯವಾಗಿ ಒಪ್ಪಿರಲಿಲ್ಲ. ಸಂಧಿ ಮಾಡಲು ಹೋದರೆ 'ಮರಾರಂಭ' ಆಗಿ ಯಾವುದೋ ಮರದ ಸುದ್ದಿಯಂತೆ ಕೇಳುತ್ತದೆ. ಆದರೂ ಮರುಮತದಾನ, ಮರುಜನ್ಮ ಬಳಸಿ ಬಳಸಿ ನಮ್ಮವಾಗಿವೆ. ಹಾಗಾಗಿ ಅರಿಸಮಾಸದ ಆಕ್ಷೇಪಕ್ಕೆ ಈಗ ಅಷ್ಟು ಬಲ ಇಲ್ಲ.

ನಿಜವಾದ ತೊಡಕು ಬೇರೆ. 'ಮರು' ಸೇರಿದ ಬಹಳಷ್ಟು ಪದಗಳಲ್ಲಿ 'ಮೊದಲಿನದ್ದು ಲೆಕ್ಕಕ್ಕಿಲ್ಲ, ಇನ್ನೊಮ್ಮೆ' ಎಂಬ ಭಾವ ಇದೆ. ಮರುಟೆಂಡರ್ ಅಂದರೆ ಹಳೆಯ ಟೆಂಡರ್ ಹೋಯಿತು. ಮರುಮೌಲ್ಯಮಾಪನ ಅಂದರೆ ಉತ್ತರ ಪತ್ರಿಕೆಯನ್ನು ಇನ್ನೊಬ್ಬರು ಹೊಸದಾಗಿ ತಿದ್ದುತ್ತಾರೆ. ಮರುಎಣಿಕೆಯಲ್ಲಿ ಹಳೆಯ ಅಂಕಗಳನ್ನೇ ಕೂಡಿಸಿ ನೋಡುತ್ತಾರೆ, ಅಷ್ಟೇ. ನಿಂತ ಸೇತುವೆ ಕೆಲಸ ಅದೇ ಗುತ್ತಿಗೆದಾರನಿಂದ ಮುಂದುವರಿದರೆ ಅದಕ್ಕೆ ಮರುಆರಂಭ ಅಂದರೆ ಓದುಗ ಏನು ತಿಳಿಯಬೇಕು? ಪುನರಾರಂಭ ಏನನ್ನೂ ಹೇಳುವುದಿಲ್ಲ, ಮರುಆರಂಭ ತಪ್ಪು ಹೇಳುವ ಅಪಾಯ ಇದೆ.

ಹಾಗಾಗಿ ಈ ಜಗಳದಲ್ಲಿ ಇಬ್ಬರೂ ಬೇರು ನೋಡುತ್ತಿದ್ದಾರೆ, ಹಣ್ಣು ನೋಡುತ್ತಿಲ್ಲ. ಕನ್ನಡದಲ್ಲಿ ಪದಗಳಿಗೆ ಬರ ಇಲ್ಲ. ನಿಂತಲ್ಲಿಂದ ಹೋದರೆ 'ಮುಂದುವರಿಕೆ'. ಅಳಿಸಿ ಮಾಡಿದರೆ 'ಹೊಸದಾಗಿ'. ಕಿತ್ತುಕೊಂಡದ್ದನ್ನು ವಾಪಸ್ ಕೊಟ್ಟರೆ 'ಪುನಃಸ್ಥಾಪನೆ'. ಸತ್ತಂತಿದ್ದದ್ದಕ್ಕೆ ಜೀವ ಬಂದರೆ 'ಪುನಶ್ಚೇತನ'. ಕಂತು ಕಟ್ಟದೆ ನಿಂತುಹೋದ ಜೀವವಿಮೆ ಪಾಲಿಸಿಗೆ ಆಗುವುದು ಈ ಕೊನೆಯದು. ಪಾಲಿಸಿ ನಂಬರ್ ಅದೇ ಇರುತ್ತದೆ. ಆದರೆ ವಿಮಾ ಕಾಯ್ದೆಯ ಕಲಂ 45ರಲ್ಲಿ ಕಂಪನಿ ಪಾಲಿಸಿಯನ್ನು ಪ್ರಶ್ನಿಸಲು ಇರುವ ಮೂರು ವರ್ಷದ ಗಡುವು ಪುನಶ್ಚೇತನದ ದಿನದಿಂದ ಹೊಸದಾಗಿ ಓಡುತ್ತದೆ. ಅರ್ಧ ಹಳೆಯದು, ಅರ್ಧ ಹೊಸದು. ಹತ್ತು ವರ್ಷದ ಪಾಲಿಸಿ ಎಂದು ನೆಮ್ಮದಿಯಿಂದ ಇದ್ದ ಕುಟುಂಬಕ್ಕೆ ಇದು ಕ್ಲೇಮ್ ಹಾಕಿದ ದಿನ ಗೊತ್ತಾದರೆ ತಡವಾಯಿತು.

'ಮರುಚಾಲನೆ'ಯ ವಿಷಯವೇ ಬೇರೆ. ಅದು ವೇದಿಕೆ, ರಿಬ್ಬನ್, ಹಾರ ಇರುವ ಕಡೆ ಮಾತ್ರ ಕಾಣುವ ಪದ. ಹಳೆಯ ಯೋಜನೆ ಯಾರು ನಿಲ್ಲಿಸಿದ್ದರು, ಯಾಕೆ ನಿಲ್ಲಿಸಿದ್ದರು ಎಂಬುದನ್ನು ಅದು ಬಹಳ ಸಲೀಸಾಗಿ ಮರೆಸುತ್ತದೆ.

ನಡುವಿನ ಖಾಲಿ ಜಾಗ

ನಿಂತದ್ದಕ್ಕೂ ಶುರುವಾದದ್ದಕ್ಕೂ ನಡುವೆ ಒಂದು ಅವಧಿ ಇರುತ್ತದೆ. ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನ ಸಿಕ್ಕಿತು. 2016ರಲ್ಲಿ ಸರಕಾರ ಅದನ್ನು ವಾಪಸ್ ಪಡೆಯಿತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗದಲ್ಲಿ ಹೋರಾಟ ನಡೆದ ಮೇಲೆ 2017ರಲ್ಲಿ ಸ್ಥಾನ ಮತ್ತೆ ಸಿಕ್ಕಿತು. 2019ರಲ್ಲಿ ಅದು ವನ್ಯಜೀವಿಧಾಮವೂ ಆಯಿತು. ಇಷ್ಟನ್ನೂ 'ರಕ್ಷಣೆ ಮರಳಿತು' ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಆದರೆ 2016 ಮತ್ತು 2017ರ ನಡುವಿನ ತಿಂಗಳುಗಳಲ್ಲಿ ಆ ಗುಡ್ಡಕ್ಕೆ ಆ ರಕ್ಷಣೆ ಇರಲಿಲ್ಲ. ಮತ್ತೆ ಶುರುವಾದ ರಕ್ಷಣೆ ಹಿಂದಕ್ಕೆ ಹೋಗಿ ಆ ತಿಂಗಳುಗಳನ್ನು ತುಂಬಿಕೊಡುವುದಿಲ್ಲ.

ಕಳಸಾ-ಬಂಡೂರಿಯಲ್ಲಿ ಏನು ಪುನರಾರಂಭ?

ಈ ಎಲ್ಲ ಗೊಂದಲ ಒಟ್ಟಿಗೆ ಸೇರುವುದು ಕಳಸಾ-ಬಂಡೂರಿಯಲ್ಲಿ. ಖಾನಾಪುರ ತಾಲ್ಲೂಕಿನ ಈ ಎರಡು ಹಳ್ಳಗಳು ಗೋವಾಕ್ಕೆ ಹರಿಯುವ ಮಹದಾಯಿ ನದಿಯನ್ನು ಸೇರುತ್ತವೆ. ಅವುಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಹುಬ್ಬಳ್ಳಿ-ಧಾರವಾಡ ಮತ್ತು ಸುತ್ತಲಿನ ಊರುಗಳಿಗೆ ಕುಡಿಯುವ ನೀರು ಕೊಡುವುದು ಯೋಜನೆ. 2006ರಲ್ಲಿ ಕಣಕುಂಬಿಯಲ್ಲಿ ಭೂಮಿಪೂಜೆ ಆಯಿತು, ಕಾಲುವೆ ಅಗೆತವೂ ನಡೆಯಿತು. ಗೋವಾದ ತಕರಾರಿನಿಂದ ವಿವಾದ 2010ರಲ್ಲಿ ನ್ಯಾಯಮಂಡಳಿಗೆ ಹೋಯಿತು, ಆಮೇಲೆ ಕೆಲಸ ನಿಂತಿತು. 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು. 2018ರ ಆಗಸ್ಟ್ 14ರಂದು ತೀರ್ಪು ಬಂತು. ಕರ್ನಾಟಕದ ಪಾಲು 13.42 ಟಿಎಂಸಿ. ಅದರಲ್ಲಿ ಈ ಎರಡು ಹಳ್ಳಗಳಿಂದ ತಿರುಗಿಸಬಹುದಾದದ್ದು 3.9 ಟಿಎಂಸಿ: ಕಳಸಾದಿಂದ 1.72, ಬಂಡೂರಿಯಿಂದ 2.18. 2020ರ ಫೆಬ್ರವರಿಯಲ್ಲಿ ಅದು ಕೇಂದ್ರದ ರಾಜಪತ್ರದಲ್ಲಿ ಬಂತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು.

ಇಲ್ಲಿ 'ಪರಿಷ್ಕೃತ' ಎಂಬ ಪದದ ಮೇಲೆ ಬೆರಳಿಡಬೇಕು. ಒಪ್ಪಿಗೆ ಸಿಕ್ಕಿದ್ದು ನೀರನ್ನು ಪಂಪ್ ಮಾಡಿ ಮೇಲೆತ್ತುವ ಯೋಜನೆಗೆ. ತಾನಾಗಿ ಹರಿದು ಹೋಗುವ ಹಳೆಯ ಕಾಲುವೆಯ ಯೋಜನೆಗಲ್ಲ. ಅಷ್ಟರಲ್ಲಿ ನೆಲದ ಸ್ಥಿತಿಯೂ ಬದಲಾಗಿತ್ತು. ಅದೇ ತಾಲ್ಲೂಕಿನ ಭೀಮಗಡದ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. 2006ರಲ್ಲಿ ಕೆಲಸ ಶುರು ಮಾಡಿದಾಗ ಅದು ಆಗಿರಲಿಲ್ಲ.

ಕರ್ನಾಟಕದ ನಿಲುವು: ತೀರ್ಪು ಬಂದಿದೆ, ರಾಜಪತ್ರ ಆಗಿದೆ, ವರದಿಗೆ ಒಪ್ಪಿಗೆ ಇದೆ, ನಮ್ಮ ಪಾಲಿನ ನೀರಿನ ಕೆಲಸ ಮಾಡಲು ಬಿಡಿ. ಅಂದರೆ ಇದು ಹಳೆಯ ಹಕ್ಕಿನ ಮುಂದುವರಿಕೆ. ಗೋವಾದ ನಿಲುವು: ತೀರ್ಪನ್ನೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದೇವೆ, ವನ್ಯಜೀವಿ ಕಾನೂನು ದಾಟಿ ನೀರು ತಿರುಗಿಸುವಂತಿಲ್ಲ. ಪರಿಸರದ ಪರ ಇರುವವರು ಇದನ್ನು ಹೊಸ ಯೋಜನೆ ಎಂದೇ ನೋಡುತ್ತಾರೆ. ಪೈಪಿನ ದಾರಿ, ಪಂಪ್‌ಹೌಸ್, ಕರೆಂಟ್ ಲೈನ್ ಎಲ್ಲ ಹೊಸದಾದರೆ ಕಾಡಿನ ಲೆಕ್ಕವೂ ಹೊಸದಾಗಿ ಆಗಬೇಕು ಎನ್ನುವುದು ಅವರ ಮಾತು. ನೀರಿನ ಹಕ್ಕಿನ ಮಟ್ಟಿಗೆ ಕರ್ನಾಟಕದ ವಾದ ಗಟ್ಟಿ. ಅನುಮತಿಯ ಮಟ್ಟಿಗೆ ಮಾತ್ರ 'ಹೊಸದು' ಅನ್ನುವವರ ಮಾತೇ ಕಾನೂನಿಗೆ ಹತ್ತಿರ. ಕಾಲುವೆಗೆ ಸಿಕ್ಕ ಒಪ್ಪಿಗೆ ಪೈಪಿಗೆ ತಾನಾಗಿ ದಾಟುವುದಿಲ್ಲ.

ಹೀಗಾಗಿ 'ಕಾಮಗಾರಿ ಪುನರಾರಂಭ' ಎಂದು ಕೇಳಿದ ನವಲಗುಂದದ ರೈತನಿಗೆ ಅರ್ಧ ಮುಗಿದ ಕೆಲಸ ಕಣ್ಣ ಮುಂದೆ ಬರುತ್ತದೆ. ಇನ್ನರ್ಧ ಮುಗಿಸಲು ಇಷ್ಟು ತಡವೇಕೆ ಎಂದು ಸಿಟ್ಟು ಬರುತ್ತದೆ. ಅಧಿಕಾರಿಗಳ ಮೇಜಿನ ಮೇಲೆ ಇರುವುದು ಬೇರೆ ನಕ್ಷೆ, ಬೇರೆ ಅಂದಾಜು ಪಟ್ಟಿ, ಬೇರೆ ಅರ್ಜಿ. ಎಲ್ಲ ಅನುಮತಿ ಸಿಕ್ಕ ದಿನ ಕಣಕುಂಬಿಯ ಕಡೆ ಯಂತ್ರಗಳು ಇಳಿದರೆ, ಅವು ತೋಡುವುದು ಪೈಪಿಗೆ ಮತ್ತು ಪಂಪ್‌ಹೌಸಿಗೆ. 2006ರ ಕಾಲುವೆ ಪಕ್ಕದಲ್ಲಿ ಹಾಗೇ ಇರುತ್ತದೆ.